ತಣ್ಣಗಿರುವಾಗಲೂ ಹಿಡಿಯುವ ಬ್ರೇಕ್ ಪ್ಯಾಡ್ ಹುಡುಕಿದ್ದು

ಹೊಸ ಪ್ಯಾಡ್ ಹಾಕಿದ ಮರುದಿನ ಬೆಳಿಗ್ಗೆ, ಹೊರಟ ಎರಡನೆಯ ನಿಮಿಷದಲ್ಲಿ ಬಂದ ಮೊದಲ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದೆ. ಕಾರು ನಿಂತಿತು, ಆದರೆ ನಿಲ್ಲಬೇಕಾದ ಬಿಳಿ ಗೆರೆಯನ್ನು ಅರ್ಧ ಕಾರಿನಷ್ಟು ದಾಟಿ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ಕಾಲಿನ ಬಲವೆಲ್ಲ ಅದರ ಮೇಲಿತ್ತು, ಹಿಡಿತ ಮಾತ್ರ ಇರಲಿಲ್ಲ. ಅಂಗಡಿಯಲ್ಲಿದ್ದುದರಲ್ಲಿ ಅತಿ ದುಬಾರಿಯಾದ ಪ್ಯಾಡನ್ನೇ ನಾನು ಕೊಂಡಿದ್ದೆ.

ನನ್ನದು ಎರಡು ಸೀಟಿನ ಸ್ಪೋರ್ಟ್ಸ್ ಕಾರು. ನಾನು ಕುಳಿತರೆ ಸುಮಾರು 1200 ಕಿಲೋ ತೂಗುತ್ತದೆ. ರೇಸ್ ಟ್ರ್ಯಾಕ್ ಕಡೆ ಅದು ಮುಖ ಹಾಕಿಯೂ ಮಲಗಿಲ್ಲ. ಆದರೂ ಮೂಲ ಪ್ಯಾಡ್ ಸವೆದಾಗ, ಇಂಥ ಕಾರಿಗೆ ಸಾಧಾರಣ ಪ್ಯಾಡ್ ಹಾಕುವುದು ಅವಮಾನ ಎಂಬ ಹುಚ್ಚು ತಲೆಗೇರಿತ್ತು. ಕೊಂಡ ಪ್ಯಾಡಿನ ಡಬ್ಬಿಯ ಮೇಲೆ ಅದು ಕೆಲಸ ಮಾಡುವ ಶಾಖದ ಮಿತಿಯನ್ನು ಸ್ಪಷ್ಟವಾಗಿಯೇ ಮುದ್ರಿಸಿದ್ದರು: 200ರಿಂದ 650 ಡಿಗ್ರಿ ಸೆಲ್ಸಿಯಸ್. ನನ್ನ ಕಣ್ಣು 650ರ ಮೇಲೆ ನಿಂತಿತು. ಓದಬೇಕಿದ್ದುದು 200ನ್ನು.

ಆ ಬೆಳಗಿನ ಭಯ ಇಳಿದ ಮೇಲೆ ಕಾಗದದಲ್ಲಿ ಒಂದು ಲೆಕ್ಕ ಹಾಕಿದೆ. 1200 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ನಿಂತರೆ ಬ್ರೇಕುಗಳು ನುಂಗಬೇಕಾದ ಶಕ್ತಿ ಸುಮಾರು 460 ಕಿಲೋಜೂಲ್. ಅದರಲ್ಲಿ ಶೇ. 70ರಷ್ಟು ಮುಂದಿನ ಎರಡು ಡಿಸ್ಕುಗಳ, ಅಂದರೆ ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿಹಿಡಿಯುವ ತಟ್ಟೆಗಳ ಪಾಲು ಎಂದು ಹಿಡಿದೆ. ಒಂದೊಂದು ಡಿಸ್ಕಿನ ಎರಕದ ಕಬ್ಬಿಣ 8 ಕಿಲೋ ಎಂದುಕೊಂಡೆ. ಒಂದು ಸಲ ನಿಲ್ಲಿಸಿದರೆ ಡಿಸ್ಕ್ ಬಿಸಿಯಾಗುವುದು ಹೆಚ್ಚೆಂದರೆ 45 ಡಿಗ್ರಿ. 50ರ ವೇಗದಿಂದ ನಿಂತರೆ ಶಕ್ತಿ ನಾಲ್ಕನೆಯ ಒಂದು ಭಾಗ, ಅಂದರೆ 11 ಡಿಗ್ರಿ. ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಗಾಳಿ ಅದರಲ್ಲಿ ಒಂದಿಷ್ಟನ್ನು ಒಯ್ದಿರುತ್ತದೆ. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು, ದಿನನಿತ್ಯದ ಓಡಾಟ ಮುಗಿಸಿದ ಕೂಡಲೇ ಚಕ್ರದ ಸಂದಿಯಿಂದ ಡಿಸ್ಕಿಗೆ ಗುರಿಯಿಟ್ಟೆ. 85 ಡಿಗ್ರಿ! ನನ್ನ ಪ್ಯಾಡ್ ದಿನವಿಡೀ ನಿದ್ದೆಯಲ್ಲೇ ಇತ್ತು.

ಹಾಗೆಂದು ರಸ್ತೆಯಲ್ಲಿ ಬ್ರೇಕ್ ಬಿಸಿಯಾಗುವುದೇ ಇಲ್ಲವೆಂದಲ್ಲ. 500 ಮೀಟರ್ ಎತ್ತರದಿಂದ ಇಳಿಯುವ ಘಾಟಿಯಲ್ಲಿ ಇದೇ ಕಾರು ಕಳೆದುಕೊಳ್ಳಬೇಕಾದ ಶಕ್ತಿ, 100ರ ವೇಗದಿಂದ ಹದಿಮೂರು ಸಲ ನಿಲ್ಲಿಸಿದಷ್ಟು. ಸಣ್ಣ ಗಿಯರಿನಲ್ಲಿ ಎಂಜಿನ್ ಅದರಲ್ಲಿ ದೊಡ್ಡ ಪಾಲು ಹೊರುತ್ತದೆ. ನಾನು ಸ್ವಲ್ಪ ಉತ್ಸಾಹದಿಂದಲೇ ಇಳಿದಾಗ ಥರ್ಮಾಮೀಟರ್ 260 ತೋರಿಸಿತು. ಅಂದರೆ ನನಗೆ ಬೇಕಾದ ಪ್ಯಾಡ್ ಮಂಜಿನ ಮುಂಜಾನೆಯ ಮೊದಲ ಒತ್ತಿಗೇ ಹಿಡಿಯಬೇಕು, ಸುಮಾರು 400ರವರೆಗೆ ಸೋಲಬಾರದು. ಅದಕ್ಕಿಂತ ಮೇಲಿನ ಶಾಖಕ್ಕೆ ಹಣ ಕೊಡುವುದು ದಂಡ.

ಎರಡನೆಯ ಸಲ ಹುಡುಕುವಾಗ ಪ್ಯಾಡಿನ ಬೆನ್ನಿನ ಅಕ್ಷರಗಳನ್ನು ಓದಲು ಕಲಿತೆ. ಅನೇಕ ಪ್ಯಾಡುಗಳ ಮೇಲಿನ ಸಂಕೇತ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಮುಗಿಯುತ್ತದೆ. ಮೊದಲನೆಯದು ಸಾಮಾನ್ಯ ಶಾಖದ ಘರ್ಷಣಾಂಕ, ಅಂದರೆ ಹಿಡಿತದ ಅಳತೆ; ಎರಡನೆಯದು ಹೆಚ್ಚಿನ ಶಾಖದ್ದು. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಪ್ಯಾಡ್ ಎಷ್ಟು ಬಾಳುತ್ತದೆ, ಎಷ್ಟು ಕಿರುಚುತ್ತದೆ ಎಂಬುದನ್ನು ಈ ಅಕ್ಷರಗಳು ಹೇಳುವುದಿಲ್ಲ. ನಾನು ಹೆಚ್ಚು ನೆಚ್ಚಿದ್ದು ಆರ್90 ಎಂಬ ಮುದ್ರೆಯನ್ನು. ಅದಿದ್ದರೆ ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿಗಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಇಲ್ಲವೆಂದು ಪರೀಕ್ಷಿಸಿದ್ದಾರೆ ಎಂದರ್ಥ. ಹೆಚ್ಚೂ ಇರಬಾರದು ಎನ್ನುವುದನ್ನು ಗಮನಿಸಿ. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ಗುಣದ ಪ್ಯಾಡ್ ಹಾಕಿದರೆ, ಕಾರು ತಯಾರಿಸಿದವರು ಅಳೆದು ತೂಗಿ ಇಟ್ಟ ಸಮತೋಲ ಕೆಡುತ್ತದೆ. ಆದ್ದರಿಂದ ನಾಲ್ಕೂ ಚಕ್ರಗಳಿಗೆ ಒಂದೇ ಮಿಶ್ರಣದ ಸೆಟ್ ಕೊಂಡೆ.

ಸೆರಾಮಿಕ್ ಪ್ಯಾಡ್ ಸಾಮಾನ್ಯವಾಗಿ ಹೆಚ್ಚು ಸದ್ದು ಮಾಡುವುದಿಲ್ಲ, ಚಕ್ರದ ಮೇಲೆ ಕಪ್ಪು ಧೂಳನ್ನೂ ಅಷ್ಟಾಗಿ ಹರಡುವುದಿಲ್ಲ. ಆದರೆ ನಾನು ಓಡಿಸಿ ನೋಡಿದ ಒಂದರಲ್ಲಿ ಪೆಡಲಿನ ಮೊದಲ ಸ್ಪರ್ಶ ಮಂಕಾಗಿತ್ತು. ಲೋಹದ ಅಂಶ ಮಿತವಾಗಿರುವ ಪ್ಯಾಡನ್ನೇ ಆರಿಸಿದೆ. ವಾರಕ್ಕೊಮ್ಮೆ ಚಕ್ರ ಒರೆಸುತ್ತೇನೆ, ಅದೇನೂ ಭಾರವಲ್ಲ.

ಹಾಕುವ ದಿನ ನನ್ನ ಹಳೆಯ ತಪ್ಪೊಂದು ಹೊರಬಿತ್ತು. ಮೂಲ ಪ್ಯಾಡ್ ಸವೆಯುತ್ತಿದ್ದಾಗ ಬ್ರೇಕ್ ಆಯಿಲ್ ಮಟ್ಟ ಇಳಿದಿದೆಯೆಂದು ತುಂಬಿಸಿಟ್ಟಿದ್ದೆ. ಪ್ಯಾಡ್ ತೆಳುವಾದಂತೆ ಮಟ್ಟ ತಾನಾಗಿ ಇಳಿಯುತ್ತದೆ, ದಪ್ಪ ಪ್ಯಾಡ್ ಹಾಕಿದಾಗ ತಾನಾಗಿ ಏರುತ್ತದೆ. ಈ ಬಾರಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನನ್ನು ಕ್ಲಾಂಪಿನಿಂದ ಹಿಂದಕ್ಕೆ ಒತ್ತುತ್ತಿದ್ದಂತೆ ಆಯಿಲ್ ಉಕ್ಕಿ ಬಣ್ಣದ ಮೇಲೆ ಹರಿಯಿತು. ಕೂಡಲೇ ನೀರು ಸುರಿದು ತೊಳೆದೆ, ಇಲ್ಲದಿದ್ದರೆ ಬಣ್ಣ ಸುಲಿದುಹೋಗುತ್ತಿತ್ತು. ಇನ್ನು ಹಿಂದಿನ ಪಿಸ್ಟನ್: ಕ್ಲಾಂಪಿಗೆ ಜಪ್ಪಯ್ಯ ಎನ್ನಲಿಲ್ಲ. ಪಿಸ್ಟನ್ ಮತ್ತು ಪ್ಯಾಡುಗಳು ಕೂರುವ ಭಾಗವೇ ಕ್ಯಾಲಿಪರ್; ಹ್ಯಾಂಡ್‌ಬ್ರೇಕ್ ಅದರೊಳಗೇ ಇದ್ದರೆ ಪಿಸ್ಟನನ್ನು ತಿರುಪಿನಂತೆ ತಿರುಗಿಸುತ್ತಾ ಒಳಗೆ ಕಳಿಸಬೇಕು. ಇದು ತಿಳಿಯುವ ಮೊದಲು ಅರ್ಧ ಗಂಟೆ ಬಲಪ್ರಯೋಗ ಮಾಡಿದ್ದೆ.

ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದು, ಅಂಚಿನಲ್ಲಿ ಕೆತ್ತಿರುವ ಕನಿಷ್ಠ ದಪ್ಪಕ್ಕೆ ಹೋಲಿಸಿ ನೋಡಿದೆ, ಸವೆಯಲು ಇನ್ನೂ 1.2 ಮಿ.ಮೀ. ಉಳಿದಿತ್ತು. ಹಳೆಯ ಪ್ಯಾಡ್ ಬಿಟ್ಟುಹೋದ ಪದರವನ್ನು ಒರಟು ಮರಳುಕಾಗದದಿಂದ ಉಜ್ಜಿ ತೆಗೆದೆ, ಏಕೆಂದರೆ ಒಂದು ಮಿಶ್ರಣದ ಪದರದ ಮೇಲೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಚಕ್ರ ಹಾಕಿದ ಮೇಲೆ ಕಾರು ಕದಲಿಸುವ ಮುನ್ನ, ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ತುಳಿದೆ. ಮೊದಲ ತುಳಿತಕ್ಕೆ ಅದು ನೆಲದವರೆಗೆ ಹೋಗುತ್ತದೆ.

ಆಮೇಲೆ ಪ್ಯಾಡ್ ಪಳಗಿಸುವ ಕೆಲಸ. ಯಾರೂ ಇಲ್ಲದ ನೇರ ರಸ್ತೆಯಲ್ಲಿ 90ರಿಂದ 20ಕ್ಕೆ, ಪೂರ್ತಿ ನಿಲ್ಲದೆ, ಹತ್ತು ಸಲ. ಏಳನೆಯ ಸಲಕ್ಕೆ ಸುಟ್ಟ ರಾಳದ ವಾಸನೆ ಬಂತು. ನಂತರ ಬ್ರೇಕ್ ಮುಟ್ಟದೆ ಹದಿನೈದು ನಿಮಿಷ ನಿಧಾನವಾಗಿ ಓಡಿಸಿ ತಣಿಸಿದೆ. ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿಹಿಡಿದು ನಿಂತರೆ ಅಲ್ಲೊಂದು ಕಲೆ ಅಂಟಿಕೊಳ್ಳುತ್ತದೆ. ಮುಂದೆ ಪೆಡಲ್ ನಡುಗುತ್ತದೆ, ಜನ ‘ಡಿಸ್ಕ್ ಬಾಗಿದೆ’ ಎನ್ನುತ್ತಾರೆ. ಹಾಗೆ ಬಾಗಿದ ಡಿಸ್ಕುಗಳಲ್ಲಿ ಹೆಚ್ಚಿನವು ಬಾಗಿರುವುದೇ ಇಲ್ಲ.

ಎಂಟು ತಿಂಗಳಾಯಿತು. ಅದೇ ಸಿಗ್ನಲ್‌ನಲ್ಲಿ, ಅಷ್ಟೇ ಚಳಿಯ ಬೆಳಗುಗಳಲ್ಲಿ, ಗೆರೆಗೆ ಒಂದು ಮಾರು ಹಿಂದೆಯೇ ನಿಲ್ಲುತ್ತೇನೆ. ಆ ದುಬಾರಿ ಪ್ಯಾಡುಗಳು ಡಬ್ಬಿಯಲ್ಲಿ ಹಾಗೆಯೇ ಇವೆ. ಕಳೆದ ವಾರ ಗೆಳೆಯನೊಬ್ಬ ಅರ್ಧ ಬೆಲೆಗೆ ಕೇಳಿದ. ಟ್ರ್ಯಾಕಿಗೆ ಹೋಗುತ್ತೀಯಾ ಎಂದೆ. ಇಲ್ಲ, ಕಚೇರಿಗೆ ಎಂದ. ಕೊಡಲಿಲ್ಲ.