ಸ್ಟುಡಿಯೋ ಡ್ರಮ್ಸ್ ವಾದನ: ಪೆಟ್ಟಿನ ತೂಕದ ಬಗ್ಗೆ ನನ್ನ ಅನುಭವ

ಬೇರೆಯವರ ಹಾಡುಗಳಿಗೆ ಸ್ಟುಡಿಯೋದಲ್ಲಿ ಡ್ರಮ್ಸ್ ನುಡಿಸುವುದೇ ಬಹುಕಾಲದಿಂದ ನನ್ನ ವೃತ್ತಿ. ವೇದಿಕೆಯ ಮೇಲೆ ಸೊಗಸಾಗಿ ನುಡಿಸುವ ಎಷ್ಟೋ ವಾದಕರು ಮೈಕ್‌ನ ಮುಂದೆ ತಡವರಿಸುವುದನ್ನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರ ತೊಡಕು ಲಯದ್ದಲ್ಲ, ಪೆಟ್ಟಿನ ತೂಕದ್ದು.

ವಾದ್ಯದ ಮೇಲ್ಗಡೆ ನಿಲ್ಲಿಸುವ ಓವರ್‌ಹೆಡ್ ಮೈಕ್‌ಗಳು ಸಿಂಬಲ್ (ಲೋಹದ ತಟ್ಟೆ), ಸ್ನೇರ್ (ಚುರುಕು ಸದ್ದಿನ ಮುಖ್ಯ ಡ್ರಮ್), ಟಾಮ್ (ಗುಂಭ ನಾದದ ಡ್ರಮ್) ಎಲ್ಲವನ್ನೂ ಒಟ್ಟಿಗೇ ಹಿಡಿಯುತ್ತವೆ. ಒಂದರ ಮೇಲೊಂದು ಕೂರಿಸಿದ ಜೋಡಿ ಸಿಂಬಲ್‌ಗಳಾದ ಹೈ-ಹ್ಯಾಟ್ ಮೇಲೆ ಕೈ ಜೋರಾದರೆ ಅದರ ಸದ್ದು ಸ್ನೇರ್‌ನ ಮೈಕ್‌ಗೂ ನುಗ್ಗುತ್ತದೆ; ಆಮೇಲೆ ಮಿಕ್ಸಿಂಗ್ ಮಾಡುವವರು ಸ್ನೇರ್ ಏರಿಸಿದಷ್ಟೂ ಹೈ-ಹ್ಯಾಟ್ ಕೂಡ ಏರುತ್ತಲೇ ಹೋಗುತ್ತದೆ. ಆದ್ದರಿಂದ ಸಮತೋಲವನ್ನು ಕೈಯಲ್ಲೇ ಸಾಧಿಸಬೇಕು. ನಾನು ಹೈ-ಹ್ಯಾಟ್ ನುಡಿಸುವ ಬಲಗೈಯನ್ನು ಹಗುರವಾಗಿಟ್ಟು, ಎಡಗೈಯ ಪ್ರತಿ ಪೆಟ್ಟೂ ಸ್ನೇರ್‌ನ ನಡುವೆ ಒಂದೇ ಜಾಗಕ್ಕೆ, ಒಂದೇ ಬಲದಿಂದ ಬೀಳುವಂತೆ 60 ಬಿಪಿಎಂನಷ್ಟು (ನಿಮಿಷಕ್ಕೆ 60 ಮಾತ್ರೆ) ನಿಧಾನಗತಿಯಲ್ಲಿ ಅಭ್ಯಾಸ ಮಾಡುತ್ತೇನೆ. ತಲೆಯ ಮೇಲೆ ಒಂದೇ ಒಂದು ಮೈಕ್ ಇಟ್ಟು ರೆಕಾರ್ಡ್ ಮಾಡಿ ಕೇಳುತ್ತೇನೆ. ಆ ಒಂದು ಮೈಕ್‌ನಲ್ಲಿ ಎಲ್ಲವೂ ಹದವಾಗಿ ಕೇಳಿಸಿದರೆ, ಹತ್ತು ಮೈಕ್ ಇಟ್ಟರೂ ಕೆಡುವುದಿಲ್ಲ.

ಹೆಡ್‌ಫೋನ್‌ನಲ್ಲಿ ಟಿಕ್ ಟಿಕ್ ಎಂದು ಲಯ ತೋರಿಸುವ ಕ್ಲಿಕ್ ಟ್ರ್ಯಾಕ್ ಜೊತೆಗಿನ ಅಭ್ಯಾಸವನ್ನೂ ಹಂತಹಂತವಾಗಿ ಬಿಗಿಗೊಳಿಸಿದೆ: ಮೊದಲು ನಾಲ್ಕೂ ಮಾತ್ರೆಗಳಿಗೆ ಕ್ಲಿಕ್, ನಂತರ ಎರಡು ಮತ್ತು ನಾಲ್ಕನೆಯದಕ್ಕೆ ಮಾತ್ರ, ಕೊನೆಗೆ ಒಂದು ಬಾರ್‌ಗೆ (ನಾಲ್ಕು ಮಾತ್ರೆಗಳ ಒಂದು ಆವರ್ತಕ್ಕೆ) ಒಂದೇ. ಹಾಡಿನ ಕೊನೆಯ ಸಿಂಬಲ್ ನಾದ ಇಳಿಯುವಾಗ ಹೆಡ್‌ಫೋನ್‌ನಿಂದ ಸೋರುವ ಕ್ಲಿಕ್ ಮೈಕ್‌ಗೆ ಸ್ಪಷ್ಟವಾಗಿ ಸಿಕ್ಕಿಬಿಡುವುದರಿಂದ, ಅಲ್ಲಿ ಅದನ್ನು ನಿಲ್ಲಿಸುವಂತೆ ಎಂಜಿನಿಯರ್‌ಗೆ ಮೊದಲೇ ಹೇಳಿರುತ್ತೇನೆ.

ಸ್ನೇರ್‌ನ ಶ್ರುತಿ ಹಾಡಿನ ಶ್ರುತಿಯೊಡನೆ ಕಚ್ಚಾಡಿದರೆ ಸ್ವಲ್ಪ ಏರಿಸಬೇಕು ಇಲ್ಲವೇ ಇಳಿಸಬೇಕು. ಅನಗತ್ಯ ಗುಂಯ್‌ಗುಡುವಿಕೆಗೆ ಅಂಚಿನಲ್ಲಿ ಒಂದು ತುಂಡು ಟೇಪ್ ಸಾಕು.

ನಿಜವಾದ ಡ್ರಮ್‌ಗಳ ಧ್ವನಿಮುದ್ರಿತ ತುಣುಕುಗಳನ್ನು ನುಡಿಸುವ ಲಿನ್ ಎಲ್‌ಎಂ-1 ಯಂತ್ರ 1980ರಲ್ಲಿ ಬಂದ ಮೇಲೆ ನಮ್ಮ ಕೆಲಸ ಕಡಿಮೆಯಾದದ್ದು ನಿಜ, ಆದರೆ ಮುಗಿಯಲಿಲ್ಲ. ಗಾಯಕರು ಉಸಿರೆಳೆದುಕೊಳ್ಳುವ ಜಾಗವನ್ನು ಗುರುತಿಸಿ ಅಲ್ಲಿಗಷ್ಟೇ ಫಿಲ್ (ಖಾಲಿ ಜಾಗ ತುಂಬುವ ಕಿರು ನುಡಿಸುವಿಕೆ) ಹಾಕುವ, ಸಾಲು ಶುರುವಾಗುವ ಮೊದಲೇ ಸರಿದು ನಿಲ್ಲುವ ಕಿವಿ ಇಂದಿಗೂ ಬೇಕು. ಅಸಂಖ್ಯ ಹಾಡುಗಳಿಗೆ ಬಹುಪಾಲು ಹೆಸರಿಲ್ಲದೆ ನುಡಿಸಿದ ಹಾಲ್ ಬ್ಲೇನ್, ಅರ್ಲ್ ಪಾಮರ್ ಅವರಿಗೆ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಿಕ್ಕಿದ್ದು 2000ದಲ್ಲಿ. ಅವರ ವಾದನವನ್ನು ಹೊಸಬರು ಫಿಲ್‌ಗಳಿಗಾಗಿ ಅಲ್ಲ, ಫಿಲ್ ಇಲ್ಲದ ಬಾರ್‌ಗಳಿಗಾಗಿ ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಈಗ ಬಹಳಷ್ಟು ಕೆಲಸ ದೂರದಿಂದಲೇ ಬರುತ್ತದೆ. ಪ್ರತಿ ಮೈಕ್‌ನ ಟ್ರ್ಯಾಕನ್ನು ಬೇರೆಬೇರೆಯಾಗಿ, ಯಾವ ಎಫೆಕ್ಟ್ ಸೇರಿಸದೆ, ಎಲ್ಲವೂ ಹಾಡಿನ ಸೊನ್ನೆ ಬಿಂದುವಿನಿಂದಲೇ ಆರಂಭವಾಗುವಂತೆ ಕಳುಹಿಸುತ್ತೇನೆ. ಜೊತೆಗೆ ಫಿಲ್‌ಗಳೇ ಇಲ್ಲದ ಒಂದು ಸರಳ ಟೇಕ್ ಕೂಡ ಇರುತ್ತದೆ.