ಬೆಲೆ ಮೊದಲು, ಪೆಟ್ಟು ಆಮೇಲೆ: ನನ್ನ 1963ರ ಬೀಟಲ್ ಕ್ಲೈಮ್ ಕಥೆ

ನನ್ನ ಹಳೇ ಕಾರಿನ ವಿಮಾ ಪಾಲಿಸಿಯ ಮೂರನೇ ಪುಟದಲ್ಲಿ ಒಂದು ಸಾಲಿತ್ತು: ವಿಮಾ ಮೊತ್ತ ಅಥವಾ ಅಪಘಾತದ ದಿನದ ಮಾರುಕಟ್ಟೆ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಆರು ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ್ದೆ, ಈ ಸಾಲನ್ನು ಮಾತ್ರ ಓದಿರಲಿಲ್ಲ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿದ್ದ ಮೊತ್ತವೇ ಕೈಗೆ ಬರುತ್ತದೆ ಅಂದುಕೊಂಡಿದ್ದೆ. ಆಮೇಲೆ ಏಳೂವರೆ ತಿಂಗಳು ನಡೆದದ್ದೆಲ್ಲ ಆ ಒಂದು ಸಾಲಿನ ಮೇಲೆಯೇ.

ಕಾರು 1963ರ ಫೋಕ್ಸ್‌ವ್ಯಾಗನ್ ಬೀಟಲ್. ಕಾರ್ಖಾನೆಯಿಂದ ಹೊರಟಾಗ ಅದಕ್ಕಿದ್ದದ್ದು 1192 ಸಿಸಿ ಎಂಜಿನ್, 6 ವೋಲ್ಟ್ ವೈರಿಂಗ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಾನು ಎಂಜಿನ್ನಿನ ಹೊರಕವಚವಾದ ಹೊಸ ಕ್ರ್ಯಾಂಕ್‌ಕೇಸ್ ತಂದು, 90.5 ಮಿಮೀ ಪಿಸ್ಟನ್, 69 ಮಿಮೀ ಸ್ಟ್ರೋಕ್ ಕೂರಿಸಿ 1776 ಸಿಸಿ ಎಂಜಿನ್ ಕಟ್ಟಿಸಿದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿ, ವೈರಿಂಗನ್ನು 12 ವೋಲ್ಟಿಗೆ ಬದಲಿಸಿದೆ. ಇವಿಷ್ಟನ್ನೂ ಕಂಪನಿಗೆ ಬರೆದು ತಿಳಿಸಿದ್ದೆ. ವರ್ಷದ ನಂತರ ಎರಡು ವೆಬರ್ 40 ಐಡಿಎಫ್ ಕಾರ್ಬ್ಯುರೇಟರ್ ಮತ್ತು ಬೇರೆ ಎಕ್ಸಾಸ್ಟ್ ಹಾಕಿದೆ. ಅದನ್ನು ತಿಳಿಸಲಿಲ್ಲ. ಆ ತಪ್ಪಿನ ವಿಷಯಕ್ಕೆ ಮುಂದೆ ಬರುತ್ತೇನೆ. ಬಾಡಿಯಲ್ಲಿ ಒಂದಂಗುಲ ತಗಡನ್ನೂ ಕತ್ತರಿಸಿರಲಿಲ್ಲ. ಬಿಚ್ಚಿದ ಮೂಲ ಎಂಜಿನ್, 28 ಪಿಕ್ಟ್ ಸೋಲೆಕ್ಸ್ ಕಾರ್ಬ್ಯುರೇಟರ್, ಡ್ರಮ್ಮುಗಳು, ಡೈನಮೋ ಎಲ್ಲವನ್ನೂ ಎಣ್ಣೆ ಸವರಿ, ಬಟ್ಟೆ ಸುತ್ತಿ, ಚೀಟಿ ಅಂಟಿಸಿ ಎತ್ತಿಟ್ಟಿದ್ದೆ.

ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ವ್ಯಾನ್ ಬಂದು ಎಡಮೂಲೆಗೆ ಗುದ್ದಿ ನಿಲ್ಲದೆ ಹೋಯಿತು. ನಂಬರ್ ಸಿಗಲಿಲ್ಲ. ಹಾಗಾಗಿ ನನ್ನ ಪಾಲಿಸಿಯ ಮೇಲೆಯೇ ಕ್ಲೈಮ್ ಹಾಕಬೇಕಾಯಿತು.

ಲೆಕ್ಕ ಸುಲಭವಾಗಲಿ ಅಂತ ವಿಮಾ ಮೊತ್ತ ನೂರು ಎಂದಿಟ್ಟುಕೊಳ್ಳಿ. ಹಾನಿ ಅಂದಾಜು ಮಾಡಲು ಕಂಪನಿ ಕಳಿಸಿದ ಮೊದಲ ಸರ್ವೇಯರ್ ಇಪ್ಪತ್ತು ನಿಮಿಷ ಇದ್ದರು. ಸುತ್ತ ನಾಲ್ಕು ಫೋಟೊ ತೆಗೆದು ಬಂಪರ್, ಎಡ ಮಡ್‌ಗಾರ್ಡ್, ಎಂಜಿನ್ ಮುಚ್ಚಳ, ಪೇಂಟ್ ಅಂತ ಬರೆದುಕೊಂಡು ಹೋದರು. ಅವರ ಅಂದಾಜು 17. ಕಾರಿನ ಕೆಳಗೆ ಬಗ್ಗಿ ನೋಡಿರಲಿಲ್ಲ. ಬೀಟಲ್‌ನಲ್ಲಿ ಎಂಜಿನ್ ಇರುವುದೇ ಹಿಂದೆ, ಹಿಂದಿನಿಂದ ಬಿದ್ದ ಪೆಟ್ಟನ್ನು ತಗಡು ತಡೆದಷ್ಟು ತಡೆದು ಮಿಕ್ಕದ್ದನ್ನು ಎಂಜಿನ್ನಿಗೆ ದಾಟಿಸುತ್ತದೆ ಎಂದು ನಾನು ಹೇಳಿದೆ. ವರದಿಯಲ್ಲಿ ಅದು ಬರಲಿಲ್ಲ.

ನನ್ನ ಮೆಕ್ಯಾನಿಕ್ ಕೆಳಗೆ ತೂರಿಕೊಂಡು ಟಾರ್ಚ್ ಬಿಟ್ಟವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದರು: "ಸಾರ್, ಕೊಂಬು ಎಳೆದಿದೆ. ಏನೂ ಬಿಚ್ಚಬೇಡಿ, ಅವರನ್ನೇ ಮತ್ತೆ ಕರೆಸಿ."

ಬೀಟಲ್ ಚಾಸಿಯ (ಕೆಳಗಿನ ಚೌಕಟ್ಟಿನ) ನಡುವೆ ಉದ್ದಕ್ಕೂ ಇರುವ ಟನಲ್ ಎಂಬ ಕೊಳವೆ ಹಿಂದೆ ಹೋಗುತ್ತಾ ಕವೆಯ ಹಾಗೆ ಎರಡು ಕೊಂಬಾಗಿ ಒಡೆಯುತ್ತದೆ. ಗೇರ್‌ಬಾಕ್ಸ್ ಕೂತಿರುವುದು ಆ ಕೊಂಬುಗಳ ನಡುವೆ, ಎಂಜಿನ್ ನಾಲ್ಕು ಬೋಲ್ಟಿನಲ್ಲಿ ಗೇರ್‌ಬಾಕ್ಸಿಗೆ ಜೋತುಬಿದ್ದಿರುತ್ತದೆ. ಒಂದು ಕೊಂಬು ಬಾಗಿದರೆ ಹಿಂದಿನ ಎರಡೂ ಚಕ್ರಗಳ ನೇರ ತಪ್ಪುತ್ತದೆ. ನೆಲಕ್ಕೆ ತೂಗುಗುಂಡು ಇಳಿಬಿಟ್ಟು, ಮುಂದಿನ ಚಾಸಿ ತೂತುಗಳಿಂದ ಕೊಂಬುಗಳ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದೆವು. ಎರಡೂ ಅಳತೆ ಒಂದೇ ಇರಬೇಕು. ಎಡಗಡೆಯದು 11 ಮಿಮೀ ಕಡಿಮೆ ಬಂತು. ಮೂರು ಸಲ ಅಳೆದೆವು. ಟೇಪಿನ ಅಂಕಿ ಕಾಣುವಂತೆ ಪ್ರತಿ ಸಲವೂ ಫೋಟೊ ತೆಗೆದೆ.

ಎರಡನೇ ತಪಾಸಣೆಗೆ ಬರೆದು ಕೇಳಿಕೊಂಡೆ. ಈ ಸಲ ಸರ್ವೇಯರ್ ಎದುರಿಗೇ ಎಂಜಿನ್ ಇಳಿಸಿದೆವು. ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಹಗುರ, ಆದರೆ ಇಂಥ ಪೆಟ್ಟು ತಾಳುವುದಿಲ್ಲ. ಗೇರ್‌ಬಾಕ್ಸಿಗೆ ಕೂಡುವ ಅಂಚಿನಲ್ಲಿ ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮೆಕ್ಯಾನಿಕ್ ಆ ಜಾಗವನ್ನು ಉಜ್ಜಿ ತೊಳೆದು, ಬಿರುಕಿದ್ದರೆ ಅದರೊಳಗೆ ಇಳಿಯುವ ಕೆಂಪು ಡೈ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸಿದರು. ನಾವು ನೋಡುತ್ತಿದ್ದ ಹಾಗೆ ಬಿಳಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಮೂಡಿತು. ಕೆಳಗಿನ ಬೋಲ್ಟಿನ ತೂತಿನಿಂದ ಹೊರಟು ಮೇಲಕ್ಕೆ ಓಡಿತ್ತು. ಸರ್ವೇಯರ್ ತಾವಾಗಿಯೇ ಹತ್ತಿರ ಬಂದು ಫೋಟೊ ತೆಗೆದುಕೊಂಡರು. ರಿಪೇರಿ ಅಂದಾಜು 17ರಿಂದ 61ಕ್ಕೆ ಏರಿತು.

ಗೆದ್ದೆ ಅಂದುಕೊಂಡೆ. ಹತ್ತು ದಿನಕ್ಕೆ ಕಂಪನಿಯ ಪತ್ರ ಬಂತು: ನಿಮ್ಮ ಕಾರಿನ ಮಾರುಕಟ್ಟೆ ಬೆಲೆ 38. ರಿಪೇರಿ ಖರ್ಚು ಕಾರಿನ ಬೆಲೆಯ ಶೇಕಡಾ 75 ದಾಟಿದರೆ ಟೋಟಲ್ ಲಾಸ್ (ರಿಪೇರಿ ಬಿಟ್ಟು, ಕಾರಿನ ಬೆಲೆ ಕೊಟ್ಟು ಕಾರನ್ನೇ ತೆಗೆದುಕೊಳ್ಳುವುದು) ಎನ್ನುವುದು ಪಾಲಿಸಿಯ ಕರಾರು. ಆದ್ದರಿಂದ ಇದು ಟೋಟಲ್ ಲಾಸ್, 38 ಪಡೆದು ಕಾರನ್ನು ಒಪ್ಪಿಸಿ.

ನನ್ನಂಥವರು ಎಡವುವುದು ಇಲ್ಲಿಯೇ. ಕಾರಿನ ಬೆಲೆ ಎಷ್ಟು ಅನ್ನುವುದು ತೀರ್ಮಾನವಾಗುವ ಮುಂಚೆ ಹಾನಿ ಎಷ್ಟು ಅಂತ ಸಾಬೀತು ಮಾಡಲು ಹೊರಟಿದ್ದೆ. ಹಾನಿಯನ್ನು ನಾನು ಹೆಚ್ಚೆಚ್ಚು ತೋರಿಸಿದಷ್ಟೂ ಕಾರು ಗುಜರಿಗೆ ಹತ್ತಿರವಾಗುತ್ತಿತ್ತು. ಹಳೇ ಕಾರುಗಳಲ್ಲಿ ಇದು ಬೇಗ ಆಗುತ್ತದೆ, ಯಾಕೆಂದರೆ ರಿಪೇರಿಯ ಖರ್ಚು ಇವತ್ತಿನದು, ಬೆಲೆಯನ್ನು ಮಾತ್ರ ಹಳೇ ಕಾರು ಅಂತ ಕಟ್ಟುತ್ತಾರೆ. ಅಪಘಾತದ ಮಾರನೇ ದಿನವೇ "ನನ್ನ ಕಾರಿನ ಬೆಲೆಯನ್ನು ಎಷ್ಟೆಂದು ಹಿಡಿದಿದ್ದೀರಿ, ಯಾವ ಆಧಾರದ ಮೇಲೆ?" ಅಂತ ಲಿಖಿತವಾಗಿ ಕೇಳಬೇಕಿತ್ತು. ಕೊಂಬಿನ ಅಳತೆಗೆ, ಕೆಂಪು ಡೈಗೆ ಆಮೇಲೂ ಸಮಯವಿತ್ತು.

ತಡವಾಗಿಯಾದರೂ ಅದನ್ನೇ ಕೇಳಿದೆ. ಫೋನಿನಲ್ಲಿ ಮೂರು ಸಲ "ಸಿಸ್ಟಮ್ ತೋರಿಸುತ್ತದೆ ಸರ್" ಅಂದರು. ಫೋನ್ ಮಾಡುವುದನ್ನು ನಿಲ್ಲಿಸಿ, ಲೆಕ್ಕದ ಹಾಳೆ ಕೊಡಿ ಅಂತ ಮೇಲ್ ಹಾಕಿದೆ. ಎರಡನೇ ಮೇಲ್‌ಗೆ ಹಾಳೆ ಬಂತು, ಒಂದೇ ಪುಟ. ಮೂರು ಜಾಹೀರಾತುಗಳ ಸರಾಸರಿ, ಅದರಲ್ಲಿ ವಯಸ್ಸಿನ ಸವಕಳಿ ಕಳೆದದ್ದು, ಮತ್ತೆ 'ಮೂಲ ಸ್ಥಿತಿಯಲ್ಲಿಲ್ಲ' ಅಂತ ಇನ್ನೊಂದಿಷ್ಟು ಕಳೆದದ್ದು.

ಮೊದಲ ಜಾಹೀರಾತಿನ ಕಾರು 1974ರ '1303' ಮಾದರಿ. ಅದೂ ಬೀಟಲ್ಲೇ, ಆದರೆ ಮುಂದಿನ ಚಕ್ರಗಳ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್, ಬಾಗಿದ ಗಾಜು. ನನ್ನದು ಟಾರ್ಶನ್ ಬಾರ್, ಚಪ್ಪಟೆ ಗಾಜು. ಕೊಳ್ಳುವವರು ಇವೆರಡನ್ನು ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಎರಡನೆಯದರ ಎಂಜಿನ್ ಓಡುವುದಿಲ್ಲ ಅಂತ ಜಾಹೀರಾತಿನಲ್ಲೇ ಬರೆದಿತ್ತು. ಮೂರನೆಯದಕ್ಕೆ ಇಸವಿಯೇ ಇರಲಿಲ್ಲ.

ಇನ್ನು ಸವಕಳಿ. ಆ ಮೂರೂ ಹಳೇ ಕಾರುಗಳೇ, ವಯಸ್ಸಾಗಿದ್ದಕ್ಕೆ ಎಷ್ಟು ಕಡಿಮೆಯಾಗಬೇಕೋ ಅಷ್ಟು ಅವುಗಳ ಬೆಲೆಯಲ್ಲೇ ಆಗಿಹೋಗಿದೆ. ಅದರ ಮೇಲೆ ಮತ್ತೊಮ್ಮೆ ವಯಸ್ಸು ಕಳೆದರೆ ಒಂದೇ ಕಾರಣಕ್ಕೆ ಎರಡು ಸಲ ಕಳೆದಂತೆ. 'ಮೂಲ ಸ್ಥಿತಿಯಲ್ಲಿಲ್ಲ' ಎನ್ನುವ ಕಡಿತವೂ ಹಾಗೆಯೇ. ದೊಡ್ಡ ಎಂಜಿನ್ ಇದೆ ಅಂತ ಬರೆದು ತಿಳಿಸಿದಾಗ ಪ್ರೀಮಿಯಂ ಏರಿಸಿದ್ದರು, ರಸೀದಿ ನನ್ನ ಬಳಿ ಇತ್ತು. ಪ್ರೀಮಿಯಂ ತೆಗೆದುಕೊಳ್ಳುವಾಗ ಅದೇ ಎಂಜಿನ್ ಹೆಚ್ಚು ಬೆಲೆಯದು, ಹಣ ಕೊಡುವಾಗ ಬೆಲೆ ಇಳಿಸುವಂಥದ್ದು, ಇದು ಹೇಗೆ ಅಂತ ಕೇಳಿದೆ. ಈ ಪ್ರಶ್ನೆಗೆ ಕೊನೆಯವರೆಗೂ ಉತ್ತರ ಬರಲಿಲ್ಲ, ಆದರೆ ಮುಂದಿನ ಲೆಕ್ಕದಲ್ಲಿ ಆ ಕಡಿತ ಕಾಣಲಿಲ್ಲ.

ಅವರ ಲೆಕ್ಕ ತಪ್ಪು ಅಂದರೆ ಸಾಲದು, ನನ್ನ ಲೆಕ್ಕವನ್ನೂ ಇಡಬೇಕಿತ್ತು. ಹಳೇ ಕಾರುಗಳಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಒಬ್ಬರನ್ನು ನನ್ನ ಖರ್ಚಿನಲ್ಲಿ ಕರೆಸಿದೆ. ಅವರು ಹೇಳಿದ ಮೊದಲ ಮಾತು ನನಗೆ ರುಚಿಸಲಿಲ್ಲ: ಎಂಜಿನ್ನಿಗೆ ನೀವು ಸುರಿದ ಹಣ ಅಷ್ಟಕ್ಕಷ್ಟೇ ಬೆಲೆಯಲ್ಲಿ ಸೇರುವುದಿಲ್ಲ. ಕೊಳ್ಳುವವರಲ್ಲಿ ಕೆಲವರಿಗೆ ಈ ಎಂಜಿನ್ ಬೇಕು, ಕೆಲವರಿಗೆ ಬೇಡ. ಆದರೆ ಮೂಲ ಭಾಗಗಳೆಲ್ಲ ಇದ್ದು, ತಗಡು ಕತ್ತರಿಸದೆ, ಮತ್ತೆ ಮೊದಲಿನಂತೆ ಮಾಡಬಹುದಾದ ಕಾರಾದರೆ ಇಬ್ಬರೂ ಕೊಳ್ಳುತ್ತಾರೆ. ನಮ್ಮ ವಾದ ಈ ತಿರುಗಿಸಬಹುದಾದ ಬದಲಾವಣೆಯ ಮೇಲೆ ನಿಂತಿತು. ಎತ್ತಿಟ್ಟ ಒಂದೊಂದು ಭಾಗವನ್ನೂ ಬಿಚ್ಚಿ ಫೋಟೊ ತೆಗೆದೆ. ವುಲ್ಫ್ಸ್‌ಬರ್ಗ್‌ನ ಫೋಕ್ಸ್‌ವ್ಯಾಗನ್ ಆಟೊಮ್ಯೂಸಿಯಂ ಪ್ರತಿಷ್ಠಾನ ಹಳೇ ಕಾರುಗಳಿಗೆ ಕೊಡುವ ಜನ್ಮಪತ್ರ ಮೊದಲೇ ನನ್ನಲ್ಲಿತ್ತು. ಹಿಂದಿನ ಸೀಟಿನ ಕೆಳಗೆ ಟನಲ್ ಮೇಲೆ ಒತ್ತಿರುವ ಚಾಸಿ ನಂಬರನ್ನು ಅದರ ಜೊತೆ ಇಟ್ಟು ತೋರಿಸಿದೆ.

ನಾವು ಆರು ಕಾರುಗಳನ್ನು ಹೋಲಿಕೆಗೆ ಕೊಟ್ಟೆವು. ಎರಡರ ಬೆಲೆ ನಾನು ಕೇಳುತ್ತಿದ್ದುದಕ್ಕಿಂತ ಕಡಿಮೆ. ಅವನ್ನು ತೆಗೆಯೋಣ ಅಂದಾಗ ವ್ಯಾಲ್ಯುಯರ್ ಒಪ್ಪಲಿಲ್ಲ, ಅವರು ಮಾಡಿದ್ದೇ ಸರಿ. ಎದುರಿನವರು ಹುಡುಕಿ ತೆಗೆಯುವ ಮುಂಚೆ ನಾವೇ ಇಟ್ಟು, ಯಾಕೆ ಕಡಿಮೆ ಅಂತ ವಿವರಿಸಿದ್ದರಿಂದ ಮಿಕ್ಕ ನಾಲ್ಕಕ್ಕೆ ತೂಕ ಬಂತು. ನಮ್ಮ ವ್ಯಾಲ್ಯುಯರ್ ಕಟ್ಟಿದ ಬೆಲೆ 92.

ಆಗ ಕಂಪನಿ ಕಾರ್ಬ್ಯುರೇಟರ್ ವಿಷಯ ಎತ್ತಿತು. ತಿಳಿಸದ ಬದಲಾವಣೆ ಇದೆ, ಇಡೀ ಕ್ಲೈಮನ್ನೇ ತಿರಸ್ಕರಿಸಬಹುದು ಅಂತ ಪತ್ರ. ಆ ರಾತ್ರಿ ನಿದ್ದೆ ಬರಲಿಲ್ಲ. ವಿಮೆ ಮಾಡಿಸುವವನು ಮುಖ್ಯ ಸಂಗತಿಗಳನ್ನು ಮುಚ್ಚಿಡಬಾರದು ಅನ್ನುವುದು ಹಳೆಯ ನಿಯಮ. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕಾರ್ಟರ್-ಬೋಮ್ ಮೊಕದ್ದಮೆಯಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿದ್ದರು. ಈಚೆಗೆ ಅದರ ಬಿಗಿ ಸಡಿಲವಾಗಿದೆ. ಬ್ರಿಟನ್ನಿನ 2012ರ ಕಾಯ್ದೆಯಂತೆ, ಉದ್ದೇಶಪೂರ್ವಕವಲ್ಲದ ಅಜಾಗರೂಕತೆಗೆ ಶಿಕ್ಷೆ ಆ ತಪ್ಪಿನ ತೂಕಕ್ಕೆ ತಕ್ಕಷ್ಟು. ಆದರೂ ಎಲ್ಲ ಕಡೆ ಹಾಗಿಲ್ಲ. ನಾನು ವಾದ ಹೂಡದೆ ಒಪ್ಪಿಕೊಂಡೆ. ತಿಳಿಸದೆ ಇದ್ದದ್ದು ನನ್ನ ತಪ್ಪು, ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟಿನ ಒಂದು ಕಾಸೂ ಕೇಳುವುದಿಲ್ಲ, ಅವನ್ನು ಬೆಲೆಯಲ್ಲೂ ಸೇರಿಸಬೇಡಿ. ಆದರೆ ಕಾರು ನಿಂತಿತ್ತು, ಪೆಟ್ಟು ಹಿಂದಿನಿಂದ ಬಿತ್ತು, ಆ ಕಾರ್ಬ್ಯುರೇಟರಿಗೂ ಅಪಘಾತಕ್ಕೂ ಏನೂ ಸಂಬಂಧವಿಲ್ಲ. ಇಷ್ಟನ್ನೇ ಬರೆದೆ. ತಿರಸ್ಕಾರದ ಮಾತು ಮತ್ತೆ ಬರಲಿಲ್ಲ. ನಿಮ್ಮ ಕಾರಿನಲ್ಲಿ ಇಂಥದ್ದು ಏನಾದರೂ ಇದ್ದರೆ ಇವತ್ತೇ ಕೂತು ಮೇಲ್ ಹಾಕಿ, ಉತ್ತರ ಬಂದಮೇಲೆ ಅದನ್ನು ಪಾಲಿಸಿಯ ಜೊತೆಗೇ ಇಡಿ.

ಈ ನಡುವೆ ಕಂಪನಿಯವರು ಎರಡು ಸಲ 'ಪೂರ್ಣ ಮತ್ತು ಅಂತಿಮ' ಎಂದಿದ್ದ ಡಿಸ್ಚಾರ್ಜ್ ವೋಚರ್, ಅಂದರೆ ಇನ್ನೇನೂ ಕೇಳುವುದಿಲ್ಲ ಎನ್ನುವ ಒಪ್ಪಿಗೆ ಪತ್ರ, ಕಳಿಸಿದ್ದರು. ಸಹಿ ಹಾಕಲಿಲ್ಲ. ಕಾರು ನಿಲ್ಲಿಸಿದ್ದ ಯಾರ್ಡಿನ ಬಾಡಿಗೆ ದಿನದಿನಕ್ಕೆ ಏರುತ್ತಿತ್ತು, ಕಂಪನಿಯ ಲಿಖಿತ ಒಪ್ಪಿಗೆ ಪಡೆದು ಕಾರನ್ನು ಮೆಕ್ಯಾನಿಕ್ ಶೆಡ್ಡಿಗೆ ತಂದೆ. ಬಾಡಿಗೆ ಏರುತ್ತಿದ್ದರೆ ಮನುಷ್ಯ ಸಿಕ್ಕಷ್ಟಕ್ಕೆ ಒಪ್ಪಿಬಿಡುತ್ತಾನೆ.

ಕಂಪನಿ 38ರಿಂದ 55ಕ್ಕೆ ಬಂತು, ಆಮೇಲೆ 70ಕ್ಕೆ. 70 ಅಂದಾಗ ಮನೆಯವರೆಲ್ಲ ಸಾಕು ಬಿಡು ಅಂದರು. ಆದರೆ ಬೆಲೆ 70 ಆದರೆ ಅದರ ಶೇಕಡಾ 75 ಅಂದರೆ 52.5. ರಿಪೇರಿ ಖರ್ಚು 61, ಆಗಲೂ ಟೋಟಲ್ ಲಾಸ್. ಹಣ ಬರುತ್ತದೆ, ಕಾರು ಹೋಗುತ್ತದೆ. ಕಾರನ್ನು ನಾನೇ ಉಳಿಸಿಕೊಂಡರೆ ಅದರ ಗುಜರಿ ಬೆಲೆ ಕಳೆಯುತ್ತಾರೆ, ಮೇಲಾಗಿ ಒಮ್ಮೆ ಟೋಟಲ್ ಲಾಸ್ ಅಂತ ದಾಖಲಾದ ಗಾಡಿಯನ್ನು ಮತ್ತೆ ರಸ್ತೆಗಿಳಿಸುವುದು ಹಲವು ಕಡೆ ದೊಡ್ಡ ತಲೆನೋವು. ಕಾರು ಉಳಿಯಬೇಕಾದರೆ ಆ 61 ಬೆಲೆಯ ಶೇಕಡಾ 75ರೊಳಗೆ ಬರಬೇಕು, ಅಂದರೆ ಬೆಲೆ 81.4 ಆದರೂ ಇರಲೇಬೇಕಿತ್ತು. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ.

ಬೆಲೆಯ ಬಗ್ಗೆ ಒಮ್ಮತ ಬರದಿದ್ದರೆ ಎರಡೂ ಕಡೆಯವರು ಒಬ್ಬೊಬ್ಬ ವ್ಯಾಲ್ಯುಯರನ್ನು ನೇಮಿಸಿ, ಅವರಿಬ್ಬರು ಆರಿಸಿದ ಮೂರನೆಯವರ ಮಾತಿಗೆ ಬದ್ಧರಾಗಬೇಕು ಎಂಬ ಕರಾರು ನನ್ನ ಪಾಲಿಸಿಯಲ್ಲಿತ್ತು. ಅದನ್ನು ಬಳಸುತ್ತೇನೆ ಅಂತ ನೋಟಿಸ್ ಕೊಟ್ಟೆ. ಮೂರು ವಾರದ ನಂತರ, ಮೂರನೆಯವರ ನೇಮಕವಾಗುವ ಮುಂಚೆಯೇ, ಕಂಪನಿ ಕಡೆಯ ವ್ಯಾಲ್ಯುಯರ್ ಶೆಡ್ಡಿಗೆ ಬಂದು ಎರಡು ಗಂಟೆ ನೋಡಿ 84 ಅಂತ ಬರೆದರು. 84ರ ಶೇಕಡಾ 75 ಅಂದರೆ 63. ರಿಪೇರಿ 61. ಎರಡೇ ಎರಡು ಅಂಕದಲ್ಲಿ ಕಾರು ಉಳಿಯಿತು.

ಆಮೇಲಿನ ಚೌಕಾಸಿ ಬಿಡಿಭಾಗಗಳ ಸವಕಳಿಯದು. ಟೈರು, ರಬ್ಬರಿಗೆ ಅರ್ಧ ಕಳೆದರು, ಒಪ್ಪಿದೆ. 1883ರ ಕ್ಯಾಸ್ಟೆಲೇನ್-ಪ್ರೆಸ್ಟನ್ ತೀರ್ಪಿನಿಂದ ಗಟ್ಟಿಯಾದ ತತ್ವದಂತೆ ವಿಮೆ ನಷ್ಟವನ್ನು ತುಂಬಿಕೊಡಬೇಕು, ಲಾಭ ಮಾಡಿಕೊಡಬಾರದು, ಹಳೇ ಟೈರಿಗೆ ಹೊಸ ಟೈರು ಪೂರ್ತಿ ಕೇಳುವುದು ನ್ಯಾಯವಲ್ಲ. ಆದರೆ ಕ್ರ್ಯಾಂಕ್‌ಕೇಸಿಗೂ 'ಅರವತ್ತು ವರ್ಷ ಹಳೆಯದು' ಅಂತ ಅರ್ಧ ಕಳೆದಿದ್ದರು. ಅದು ಕೊಂಡು ನಾಲ್ಕು ವರ್ಷವಾಗಿತ್ತು, ಬಿಲ್ ತೋರಿಸಿ ಸರಿಮಾಡಿಸಿದೆ. ಕೊನೆಗೆ ಕೈಗೆ ಬಂದದ್ದು 52. ಟೋಟಲ್ ಲಾಸಿಗೆ ಒಪ್ಪಿದ್ದರೆ ಬರುತ್ತಿದ್ದುದಕ್ಕಿಂತ 18 ಕಡಿಮೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಈಗಿನ ಪಾಲಿಸಿ ಒಪ್ಪಿತ ಮೌಲ್ಯದ್ದು, ಅಂದರೆ ಕಾರಿನ ಬೆಲೆಯನ್ನು ಇಬ್ಬರೂ ಮೊದಲೇ ಒಪ್ಪಿ ಬರೆದದ್ದು, ಮಾಡಿದ ಬದಲಾವಣೆಗಳ ಪಟ್ಟಿ ಅದರೊಳಗೇ ಲಗತ್ತಾಗಿದೆ.

ಕಳೆದ ತಿಂಗಳು ಬಾಗಿದ ಕೊಂಬನ್ನು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿದರು. ಬಾಡಿ ಕೂರಿಸುವ ಮುಂಚೆ ತೂಗುಗುಂಡು ಇಳಿಬಿಟ್ಟು, ಅದೇ ತೂತುಗಳಿಂದ ಅದೇ ಟೇಪು ಹಿಡಿದೆವು. ವ್ಯತ್ಯಾಸ 1 ಮಿಮೀ. ಮೆಕ್ಯಾನಿಕ್ ಇನ್ನೊಮ್ಮೆ ಅಳೆಯೋಣ ಅಂದರು. ಎರಡನೇ ಸಲವೂ ಅಷ್ಟೇ ಬಂತು. ಫೋಟೊ ತೆಗೆದು ಫೈಲಿಗೆ ಸೇರಿಸಿದೆ.