ಕ್ಯಾಮೆರಾ ಹೊರಟುಹೋದ ಮೇಲೆ ಅಲ್ಲೇ ಉಳಿಯುವವರು

ಸಾಕ್ಷ್ಯಚಿತ್ರ ಮಾಡಬೇಕೆಂದು ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಕ್ಯಾಮೆರಾ ಬಗ್ಗೆ. ಯಾವುದು ತಗೊಳ್ಳಲಿ, ಯಾವ ಲೆನ್ಸ್ ಸಾಕು, ಡ್ರೋನ್ ಬೇಕಾ ಅಂತ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನೀವು ಯಾರ ಬಗ್ಗೆ ಚಿತ್ರ ಮಾಡಬೇಕು ಅಂದುಕೊಂಡಿದ್ದೀರೋ, ಅವರ ಜೊತೆ ಕ್ಯಾಮೆರಾ ಇಲ್ಲದೆ ಎಷ್ಟು ಹೊತ್ತು ಕೂತಿದ್ದೀರಿ?

ಕಥಾಚಿತ್ರದಲ್ಲಿ ನಟ ಮೇಕಪ್ ಅಳಿಸಿ ಮನೆಗೆ ಹೋಗುತ್ತಾನೆ. ಪಾತ್ರಕ್ಕಾದ ಅವಮಾನ ಪಾತ್ರದ್ದೇ. ಸಾಕ್ಷ್ಯಚಿತ್ರದಲ್ಲಿ ಹಾಗಲ್ಲ. ನಮ್ಮ ಮುಂದೆ ಮನಸ್ಸು ಬಿಚ್ಚಿ ಮಾತಾಡಿದವರು ಅದೇ ಮನೆಯಲ್ಲಿ, ಅದೇ ಹೆಸರಲ್ಲಿ, ಚಿತ್ರ ನೋಡಿದ ಅಕ್ಕಪಕ್ಕದವರ ನಡುವೆಯೇ ಬದುಕಬೇಕು. ಅಷ್ಟರಲ್ಲಿ ನಾವು ಮುಂದಿನ ಚಿತ್ರಕ್ಕೆ ಹೊರಟಿರುತ್ತೇವೆ. ನನ್ನ ಕೆಲಸದ ರೀತಿಯೆಲ್ಲ ರೂಪುಗೊಂಡದ್ದು ಈ ಒಂದು ವಿಷಯದಿಂದ. ಅದನ್ನೇ ಇಲ್ಲಿ ಹೇಳುತ್ತೇನೆ.

ನಾನು ಈ ಕ್ಷೇತ್ರಕ್ಕೆ ಬಂದದ್ದು ಸಹಾಯಕನಾಗಿ. ಟ್ರೈಪಾಡ್ ಹೊರುವುದು, ಬ್ಯಾಟರಿ ಚಾರ್ಜ್ ಮಾಡುವುದು, ಆಮೇಲೆ ಲಾಗಿಂಗ್. ತೆಗೆದ ಫುಟೇಜನ್ನೆಲ್ಲ ಕೂತು ನೋಡಿ, ಯಾವ ಟೈಮ್‌ಕೋಡ್‌ನಲ್ಲಿ ಯಾರು ಏನು ಹೇಳಿದರು, ಧ್ವನಿ ಚೆನ್ನಾಗಿದೆಯಾ ಅಂತ ಬರೆದಿಡುವ ಕೆಲಸ ಅದು. ಯಾರಿಗೂ ಬೇಡದ ಕೆಲಸ. ಆದರೆ ನಿರ್ದೇಶನ ನಾನು ಕಲಿತದ್ದು ಅಲ್ಲೇ. ಬೇರೆಯವರು ತೆಗೆದ ಗಂಟೆಗಟ್ಟಲೆ ಫುಟೇಜ್ ನೋಡುವಾಗ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಮಾತಾಡುತ್ತಿರುವವರು ಇನ್ನೇನು ಮುಖ್ಯವಾದದ್ದನ್ನು ಹೇಳಬೇಕು, ಅಷ್ಟರಲ್ಲಿ ನಿರ್ದೇಶಕರು ಮುಂದಿನ ಪ್ರಶ್ನೆ ಹಾಕಿಬಿಟ್ಟಿರುತ್ತಾರೆ. ಆ ಮಾತು ಹೋಯಿತು, ಮತ್ತೆ ಬರುವುದಿಲ್ಲ. ಇದನ್ನು ಪದೇ ಪದೇ ನೋಡಿದವರಿಗೆ ಸುಮ್ಮನಿರುವುದು ತಾನಾಗಿ ಬರುತ್ತದೆ.

ಆಮೇಲೆ ಕೆಲವು ವರ್ಷ ಸೌಂಡ್ ರೆಕಾರ್ಡಿಸ್ಟ್ ಆಗಿದ್ದೆ. ಹೆಡ್‌ಫೋನ್ ಹಾಕಿಕೊಂಡು ಬೂಮ್, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್, ಹಿಡಿದು ನಿಂತವನಿಗೆ ಮುಖಕ್ಕಿಂತ ಮೊದಲು ಉಸಿರು ಕೇಳುತ್ತದೆ. ಯಾರಿಗೆ ಹೇಳಲು ಇಷ್ಟವಿಲ್ಲ, ಯಾರು ಬಾಯಿಪಾಠ ಒಪ್ಪಿಸುತ್ತಿದ್ದಾರೆ ಅನ್ನುವುದು ಕಿವಿಗೆ ಬೇಗ ತಿಳಿಯುತ್ತದೆ. ಅಮೆರಿಕದ ಫ್ರೆಡರಿಕ್ ವೈಸ್‌ಮನ್ ದಶಕಗಳ ಕಾಲ ತಮ್ಮ ಚಿತ್ರಗಳ ಧ್ವನಿಯನ್ನು ತಾವೇ ರೆಕಾರ್ಡ್ ಮಾಡಿದರು. ಕ್ಯಾಮೆರಾ ಇನ್ನೊಬ್ಬರ ಕೈಯಲ್ಲಿ, ಮೈಕ್ ನಿರ್ದೇಶಕರ ಕೈಯಲ್ಲಿ. ಹಾಗೇಕೆ ಅನ್ನುವುದು ನನಗೆ ಬೂಮ್ ಹಿಡಿದ ಮೇಲೆ ಅರ್ಥವಾಯಿತು.

ಹೊಟ್ಟೆಪಾಡಿನ ಮಾತನ್ನು ಬೇಗ ಮುಗಿಸುತ್ತೇನೆ. ಸ್ವಂತ ಚಿತ್ರಗಳಿಂದ ಮನೆ ನಡೆಯುವುದು ಅಪರೂಪ. ಸಂಸ್ಥೆಗಳಿಗೆ ತರಬೇತಿ ಚಿತ್ರ, ಪರಿಚಯ ಚಿತ್ರ ಮಾಡಿಕೊಟ್ಟು, ಮಧ್ಯೆ ಪಾಠ ಹೇಳಿ ನಾನು ಬದುಕಿದ್ದೇನೆ. ಅನುದಾನ ಬಂದರೂ ಕಂತುಗಳಲ್ಲಿ ಬರುತ್ತದೆ. ಚಿತ್ರೋತ್ಸವಗಳಲ್ಲಿ ಪಿಚಿಂಗ್ ಅಂತ ಇರುತ್ತದೆ, ಕೆಲವೇ ನಿಮಿಷದಲ್ಲಿ ನಿಮ್ಮ ಚಿತ್ರ ಏನೆಂದು ಹೇಳಿ ಹಣ ಕೇಳಬೇಕು. ಅಲ್ಲಿ ನನಗೊಂದು ನಿಯಮವಿದೆ. ಚಿತ್ರದಲ್ಲಿ ಇರುವವರು ಆ ಕೋಣೆಯಲ್ಲೇ ಕೂತಿದ್ದರೆ ಅವರ ಬಗ್ಗೆ ಹೇಗೆ ಮಾತಾಡುತ್ತಿದ್ದೆನೋ ಹಾಗೆಯೇ ಮಾತಾಡುತ್ತೇನೆ. ದುಡ್ಡಿಗಾಗಿ ಅವರ ಕಷ್ಟವನ್ನು ದೊಡ್ಡದು ಮಾಡಿ ಹೇಳುವುದಿಲ್ಲ.

ಈಗ ನಿಜವಾದ ಕೆಲಸಕ್ಕೆ ಬರೋಣ. ಮೊದಲ ಭೇಟಿಗಳಿಗೆ ನಾನು ಕ್ಯಾಮೆರಾ ಒಯ್ಯುವುದೇ ಇಲ್ಲ. ಆಮೇಲೆ ಒಯ್ದರೂ ಬ್ಯಾಗಿನಲ್ಲೇ ಇರುತ್ತದೆ. ಒಂದು ದಿನ ಹೊರಗೆ ತೆಗೆದು ಅವರ ಕೈಗೆ ಕೊಡುತ್ತೇನೆ. ನೋಡಿ, ಹೀಗೆ ಕಾಣುತ್ತೆ, ಈ ಕೆಂಪು ದೀಪ ಹತ್ತಿದರೆ ರೆಕಾರ್ಡ್ ಆಗುತ್ತಿದೆ ಅಂತ ಅರ್ಥ ಅಂತ ತೋರಿಸುತ್ತೇನೆ. ‘ನಾನಿಲ್ಲಿ ಇಲ್ಲ ಅಂದುಕೊಂಡು ನಿಮ್ಮ ಕೆಲಸ ಮಾಡಿ’ ಎಂದು ಯಾರಿಗೂ ಹೇಳುವುದಿಲ್ಲ. ನಾನು ಅಲ್ಲಿ ಇದ್ದೇನೆ ಅಲ್ವಾ? ಇಲ್ಲದ ಹಾಗೆ ನಟಿಸಿ ಅಂದರೆ ಅವರು ನಟಿಸುತ್ತಾರೆ, ಅಷ್ಟೇ.

1960ರ ಹೊತ್ತಿಗೆ ಹೆಗಲ ಮೇಲೆ ಹೊರಬಹುದಾದ 16 ಎಂಎಂ ಕ್ಯಾಮೆರಾಗಳು, ಅವುಗಳ ಜೊತೆ ಹೊಂದಿಕೊಂಡು ಓಡುವ ನಾಗ್ರಾದಂಥ ಟೇಪ್ ರೆಕಾರ್ಡರ್‌ಗಳು ಬಂದವು. ಅಲ್ಲಿಯವರೆಗೆ ಧ್ವನಿ ಸಮೇತ ಚಿತ್ರೀಕರಿಸಬೇಕೆಂದರೆ ಜನ ಭಾರಿ ಯಂತ್ರದ ಮುಂದೆ ಬಂದು ನಿಲ್ಲಬೇಕಿತ್ತು. ಆಮೇಲೆ ಯಂತ್ರವೇ ಜನರ ಹಿಂದೆ ಅಡುಗೆಮನೆಗೆ, ಕಾರಿನೊಳಗೆ ಹೋಯಿತು. ಈಗಂತೂ ಫೋನಿನಲ್ಲೇ ಚಿತ್ರ ತೆಗೆಯಬಹುದು. ಯಂತ್ರ ಹಗುರವಾದಷ್ಟೂ ಎದುರಿನವರಿಗೆ ತಾವು ಯಾವಾಗ ರೆಕಾರ್ಡ್ ಆಗುತ್ತಿದ್ದೇವೆ ಅನ್ನುವುದು ಗೊತ್ತಾಗುವುದು ಕಡಿಮೆಯಾಗಿದೆ. ನಾನು ಕೆಂಪು ದೀಪದ ಬಗ್ಗೆ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಕಾಲರ್ ಮೈಕಿನ ವಿಷಯವೂ ಹಾಗೆಯೇ. ಅಂಗಿಗೆ ಸಿಕ್ಕಿಸಿದ ಹತ್ತು ನಿಮಿಷಕ್ಕೆ ಎಲ್ಲರೂ ಅದನ್ನು ಮರೆಯುತ್ತಾರೆ. ಪಕ್ಕದ ಕೋಣೆಗೆ ಹೋಗಿ ಮಗಳ ಹತ್ತಿರ ಸಾಲದ ಬಗ್ಗೆ ಪಿಸುಗುಟ್ಟಿದ್ದೂ ನಮ್ಮ ಹೆಡ್‌ಫೋನಿಗೆ ಬರುತ್ತದೆ. ನನ್ನ ತಂಡದಲ್ಲಿ ಇದಕ್ಕೆ ಕಟ್ಟುನಿಟ್ಟಿನ ಪದ್ಧತಿ ಇದೆ. ಅವರು ಕೋಣೆ ಬಿಟ್ಟ ತಕ್ಷಣ ಸೌಂಡ್ ರೆಕಾರ್ಡಿಸ್ಟ್ ಹೆಡ್‌ಫೋನ್ ಕೆಳಗಿಡಬೇಕು. ಅಕಸ್ಮಾತ್ ರೆಕಾರ್ಡ್ ಆಗಿದ್ದರೆ, ಅವರಿಗೇ ಕೇಳಿಸಿ ಒಪ್ಪಿಗೆ ಪಡೆಯದೆ ಒಂದು ಅಕ್ಷರವನ್ನೂ ಬಳಸುವುದಿಲ್ಲ. ಎಷ್ಟೇ ಒಳ್ಳೆಯ ಮಾತಾಗಿದ್ದರೂ ಸರಿ.

ಸಂದರ್ಶನ ಮಾಡುವಾಗ ಲೆನ್ಸಿಗೆ ತಾಗಿದಂತೆ, ಅವರ ಕಣ್ಣಿನ ಎತ್ತರಕ್ಕೆ ಕೂರುತ್ತೇನೆ. ಹೌದು ಇಲ್ಲ ಅಂತ ಮುಗಿಯುವ ಪ್ರಶ್ನೆ ಕೇಳುವುದಿಲ್ಲ. ‘ಆ ದಿನ ಬೆಳಿಗ್ಗೆ ಎದ್ದಾಗಿನಿಂದ ಹೇಳಿ’ ಅಂದರೆ ಸಾಕು, ಜನ ತಾವೇ ದಾರಿ ಹಿಡಿಯುತ್ತಾರೆ. ಅವರು ಮಾತಾಡುವಾಗ ಹೂಂ ಅನ್ನುವುದಿಲ್ಲ, ತಲೆಯಾಡಿಸುತ್ತೇನೆ, ಯಾಕೆಂದರೆ ನನ್ನ ಹೂಂ ಅವರ ಮಾತಿನ ಮೇಲೆ ಬಿದ್ದರೆ ಎಡಿಟಿಂಗ್‌ನಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಮಾತು ನಿಂತ ಮೇಲೂ ಸ್ವಲ್ಪ ಹೊತ್ತು ಕಾಯುತ್ತೇನೆ. ಕೊನೆಯ ಪ್ರಶ್ನೆ ಯಾವತ್ತೂ ಒಂದೇ: ನಾನು ಕೇಳದೆ ಬಿಟ್ಟದ್ದು ಏನಾದರೂ ಇದೆಯಾ? ಒಳ್ಳೆಯ ಉತ್ತರಗಳು ಜಾಸ್ತಿ ಬಂದಿರುವುದು ಈ ಪ್ರಶ್ನೆಗೇ. ಕ್ಯಾಮೆರಾ ಆಫ್ ಆಯಿತು ಅಂತ ನಂಬಿಸಿ ರೆಕಾರ್ಡ್ ಮಾಡುವವರಿದ್ದಾರೆ. ನನ್ನ ಪ್ರಕಾರ ಅದು ಕಳ್ಳತನ.

ಎಲ್ಲ ಮುಗಿದ ಮೇಲೆ ಯಾರೂ ಅಲುಗಾಡದೆ ಒಂದು ನಿಮಿಷ ಕೂತು ರೂಮ್ ಟೋನ್ ತೆಗೆದುಕೊಳ್ಳುತ್ತೇವೆ, ಅಂದರೆ ಆ ಕೋಣೆಯ ಬರಿ ಸದ್ದು. ಎರಡು ಮಾತುಗಳ ನಡುವಿನ ಸಂದಿ ಮುಚ್ಚಲು ಅದು ಬೇಕೇ ಬೇಕು. ಇನ್ನೊಂದು ಚಿಕ್ಕ ಉಪಾಯ ನನಗೆ ಬಹಳ ಇಷ್ಟ. ಸದ್ದು ಮಾಡುವ ಫ್ರಿಜ್ ಆಫ್ ಮಾಡಿದರೆ ನಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡುತ್ತೇವೆ. ಫ್ರಿಜ್ ಮತ್ತೆ ಆನ್ ಮಾಡದೆ ಅಲ್ಲಿಂದ ಹೊರಡಲು ಆಗುವುದೇ ಇಲ್ಲ.

ಅಂದಿನ ಫುಟೇಜನ್ನು ಅಂದೇ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ, ಸಾಧ್ಯವಾದಷ್ಟು ಬೇಗ ಮೂರನೆಯದನ್ನು ಬೇರೆ ಜಾಗಕ್ಕೆ ಕಳಿಸುತ್ತೇನೆ. ಸಾಕ್ಷ್ಯಚಿತ್ರದ ಆರಂಭದ ಕಾಲದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಕೆನಡಾದ ಉತ್ತರದ ಹಿಮಪ್ರದೇಶದ ಇನ್ಯುಯಿಟ್ ಜನರ ನಡುವೆ ಮೊದಲು ಚಿತ್ರೀಕರಿಸಿದ್ದ ಸಾವಿರಾರು ಅಡಿ ನೆಗೆಟಿವ್ 1916ರಲ್ಲಿ ಅವರದೇ ಸಿಗರೇಟಿನ ಕಿಡಿಗೆ ಸುಟ್ಟುಹೋಯಿತು. ಅವರು ಮತ್ತೆ ಹೋಗಿ ಹೊಸದಾಗಿ ತೆಗೆದರು, 1922ರಲ್ಲಿ ಬಿಡುಗಡೆಯಾದದ್ದು ಆ ಎರಡನೆಯ ಚಿತ್ರ. ಅದರಲ್ಲಿ ಬೇಟೆಗಾರರು ಈಟಿ ಹಿಡಿದು ಕಾಣಿಸುತ್ತಾರೆ. ನಿಜವಾಗಿ ಆ ಹೊತ್ತಿಗೆ ಅವರ ಬಳಿ ಬಂದೂಕು ಇತ್ತು. ಹಿಮದ ಮನೆಯೊಳಗೆ ಬೆಳಕು ಸಾಲದೆ ಅರ್ಧ ತೆರೆದ ಮನೆಯೊಂದನ್ನು ಶೂಟಿಂಗಿಗೆಂದೇ ಕಟ್ಟಿಸಿದರು. ಆದರೆ ಅದೇ ಫ್ಲಾಹರ್ಟಿ ಫಿಲ್ಮನ್ನು ಅಲ್ಲೇ ಸಂಸ್ಕರಿಸಿ, ಅದರಲ್ಲಿದ್ದ ಜನರಿಗೇ ತೋರಿಸಿ, ಮುಂದೆ ಏನು ತೆಗೆಯೋಣ ಅಂತ ಅವರ ಜೊತೆ ಕೂತು ಯೋಚಿಸುತ್ತಿದ್ದರು. ಈಟಿಯ ವಿಷಯ ಎಲ್ಲರೂ ಹೇಳುತ್ತಾರೆ. ಜನರಿಗೆ ತೋರಿಸುತ್ತಿದ್ದ ವಿಷಯ ಹೇಳುವವರು ಕಡಿಮೆ. ನಾನು ಅವರಿಂದ ತೆಗೆದುಕೊಂಡದ್ದು ಅದನ್ನೇ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇನೆ, ಅದು ಬೇಕೇ ಬೇಕು. ಆದರೆ ಸಹಿ ಹಾಕುವ ದಿನ ಅವರಿಗೆ ಚಿತ್ರ ಹೇಗಿರುತ್ತದೆ ಅಂತ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ಹಾಗಾಗಿ ಮೂರು ಸಲ ಕೇಳುತ್ತೇನೆ: ಶುರು ಮಾಡುವಾಗ, ಶೂಟಿಂಗ್ ಮುಗಿದಾಗ, ರಫ್ ಕಟ್, ಅಂದರೆ ಇನ್ನೂ ತಿದ್ದಬಹುದಾದ ಮೊದಲ ಜೋಡಣೆ, ನೋಡಿದ ಮೇಲೆ. ವೈಸ್‌ಮನ್ 1967ರಲ್ಲಿ ಮ್ಯಾಸಚೂಸೆಟ್ಸ್‌ನ ಕೈದಿಗಳ ಮಾನಸಿಕ ಆಸ್ಪತ್ರೆಯೊಂದರ ಮೇಲೆ ಚಿತ್ರ ಮಾಡಿದರು. ಅಲ್ಲಿದ್ದವರ ಖಾಸಗಿತನಕ್ಕೆ ಧಕ್ಕೆಯಾಗಿದೆ ಎಂದು ರಾಜ್ಯ ಸರ್ಕಾರ ಕೋರ್ಟಿಗೆ ಹೋಯಿತು. 1991ರವರೆಗೆ ಸಾಮಾನ್ಯ ಜನರಿಗೆ ಆ ಚಿತ್ರ ತೋರಿಸುವಂತಿರಲಿಲ್ಲ. ಕೈದಿಗಳ ಮಾನ ಮುಖ್ಯವಾಗಿತ್ತೋ, ಆಸ್ಪತ್ರೆಯ ಸ್ಥಿತಿ ಹೊರಬರಬಾರದು ಅನ್ನುವುದು ಮುಖ್ಯವಾಗಿತ್ತೋ? ಎರಡನೆಯದೇ ಇರಬೇಕು ಅಂತ ನನಗನ್ನಿಸುತ್ತದೆ. ಆದರೂ ಮೊದಲ ಪ್ರಶ್ನೆ ಸುಳ್ಳಾಗುವುದಿಲ್ಲ. ತನಗೆ ಏನಾಗುತ್ತಿದೆ ಎಂದು ಪೂರ್ತಿ ತಿಳಿಯದ ಮನುಷ್ಯ ಕೊಡುವ ಒಪ್ಪಿಗೆಗೆ ಎಷ್ಟು ಬೆಲೆ ಕೊಡಬೇಕು? ಆಸ್ಪತ್ರೆಯೊಳಗೆ ಕ್ಯಾಮೆರಾ ಒಯ್ಯುವಾಗಲೆಲ್ಲ ಇದನ್ನು ಯೋಚಿಸುತ್ತೇನೆ.

ಹಣ ಕೊಡಬೇಕಾ ಅಂತ ಬಹಳ ಜನ ಕೇಳುತ್ತಾರೆ. ಮಾತಿಗೆ ನಾನು ಹಣ ಕೊಡುವುದಿಲ್ಲ. ಕೊಟ್ಟರೆ ಅವರು ನನಗೆ ಬೇಕಾದ್ದನ್ನೇ ಹೇಳಲು ನೋಡುತ್ತಾರೆ. ಆದರೆ ನಮ್ಮಿಂದಾಗಿ ಒಂದು ದಿನದ ಕೂಲಿ ತಪ್ಪಿದರೆ ಆ ಕೂಲಿಯನ್ನು ಕೊಡಲೇಬೇಕು. ಅದು ಶೂಟಿಂಗ್ ಖರ್ಚು, ಬಜೆಟ್‌ನಲ್ಲಿ ಮೊದಲೇ ಬರೆದಿಡುತ್ತೇನೆ.

ಚಿತ್ರ ನಿಜವಾಗಿ ಹುಟ್ಟುವುದು ಎಡಿಟಿಂಗ್ ಟೇಬಲ್ ಮೇಲೆ. ಅಪಾಯ ಜಾಸ್ತಿ ಇರುವುದೂ ಅಲ್ಲೇ. ಐವತ್ತು ಗಂಟೆ ಫುಟೇಜ್‌ನಿಂದ ಒಂದು ಗಂಟೆಯ ಚಿತ್ರ ಬರುವುದು ಮಾಮೂಲು. ಮಾತನ್ನೆಲ್ಲ ಬರಹಕ್ಕಿಳಿಸಿ, ಮುದ್ರಿಸಿ, ಕತ್ತರಿಸಿ, ನೆಲದ ಮೇಲೆ ಹರಡಿ ಮೊದಲ ಕ್ರಮ ಹುಡುಕುತ್ತೇನೆ. ಮಾಲೆ ಕಟ್ಟಿದ ಹಾಗೆ, ಯಾವ ಹೂವಿನ ಪಕ್ಕ ಯಾವುದು ಬರುತ್ತದೆ ಅನ್ನುವುದರ ಮೇಲೆ ಅದರ ಬಣ್ಣವೇ ಬೇರೆ ಕಾಣುತ್ತದೆ. ಒಬ್ಬರ ಮಾತಿನ ಅರ್ಧ ವಾಕ್ಯಕ್ಕೆ ಇನ್ನೊಂದು ದಿನದ ಅರ್ಧ ವಾಕ್ಯ ಸೇರಿಸಿ, ಜೋಡಿಸಿದ ಜಾಗದಲ್ಲಿ ಕೈಯದೋ ಕಿಟಕಿಯದೋ ಶಾಟ್ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ತೊದಲುವಿಕೆ ತೆಗೆಯಲು, ಉದ್ದ ಕಡಿಮೆ ಮಾಡಲು ಇದನ್ನು ನಾನೂ ಮಾಡುತ್ತೇನೆ. ಅರ್ಥ ಬದಲಾಗುವುದಾದರೆ ಮಾಡುವುದಿಲ್ಲ. ಬೇರೆ ಸಂದರ್ಭದಲ್ಲಿ ನಕ್ಕ ಮುಖವನ್ನು ತಂದು ಇನ್ನೊಬ್ಬರ ದುಃಖದ ಮಾತಿಗೆ ಅಂಟಿಸುವುದೂ ಹಾಗೆಯೇ. ಒಂದೂ ಸುಳ್ಳು ಮಾತಿಲ್ಲದೆ ಇಡೀ ಮನುಷ್ಯನನ್ನು ಸುಳ್ಳಾಗಿ ತೋರಿಸಬಹುದು.

ಎಡಿಟರ್ ಬೇರೆಯವರೇ ಆಗಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ಶಾಟ್‌ಗಾಗಿ ನಾವು ಎಷ್ಟು ಹೊತ್ತು ಮಳೆಯಲ್ಲಿ ನಿಂತೆವು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಪರದೆಯ ಮೇಲೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಾನು ಆ ಜನರನ್ನು ಬಲ್ಲೆ, ಪ್ರೀತಿಸುತ್ತೇನೆ, ಆದ್ದರಿಂದ ಪರದೆಯಲ್ಲಿ ಇಲ್ಲದ್ದೂ ನನಗೆ ಕಾಣುತ್ತದೆ.

ರಫ್ ಕಟ್ ತಯಾರಾದಾಗ ಅದನ್ನು ಮೊದಲು ತೋರಿಸುವುದು ಚಿತ್ರದಲ್ಲಿ ಇರುವವರಿಗೆ. ಉತ್ಸವದ ದೊಡ್ಡ ಸಭಾಂಗಣದಲ್ಲಿ ನೂರಾರು ಜನರ ನಡುವೆ ಕೂತು ತನ್ನ ಬದುಕನ್ನು ಮೊದಲ ಸಲ ನೋಡುವ ಗತಿ ಯಾರಿಗೂ ಬರಬಾರದು. ಅವರ ಮನೆಯಲ್ಲಿ, ಅವರಿಗೆ ಬೇಕಾದವರ ಜೊತೆ, ಬದಲಾಯಿಸಲು ಇನ್ನೂ ಸಮಯ ಇರುವಾಗ ತೋರಿಸಬೇಕು. ಫ್ರಾನ್ಸಿನ ಝಾನ್ ರೂಷ್ ಮತ್ತು ಎಡ್ಗಾರ್ ಮೊರಾನ್ 1960ರಲ್ಲಿ ಪ್ಯಾರಿಸ್‌ನ ಜನರನ್ನು ಚಿತ್ರೀಕರಿಸಿ, ಅವರಿಗೇ ತೋರಿಸಿ, ಅವರ ಜಗಳವನ್ನೂ ಚಿತ್ರದ ಕೊನೆಯಲ್ಲಿ ಇಟ್ಟರು. ಕೆಲವರಿಗೆ ಅದು ನಾಟಕ ಅನ್ನಿಸಿತು, ಕೆಲವರಿಗೆ ತೀರಾ ಬಯಲಾದ ಹಾಗೆ ಅನ್ನಿಸಿತು. ನನ್ನ ಅನುಭವದಲ್ಲೂ ಹೀಗೆಯೇ. ನಾವು ಹೆದರಿದ ದೃಶ್ಯದ ಬಗ್ಗೆ ಅವರು ಏನೂ ಹೇಳುವುದಿಲ್ಲ. ನಾವು ಗಮನಿಸಿಯೇ ಇರದ ಒಂದು ಮಾತಿಗೆ, ಇದು ನನ್ನ ತಮ್ಮನಿಗೆ ನೋವಾಗುತ್ತೆ ಅನ್ನುತ್ತಾರೆ.

ವಾಸ್ತವಾಂಶ ತಪ್ಪಿದ್ದರೆ ತಿದ್ದುತ್ತೇನೆ. ಅವರಿಗೋ ಮನೆಯವರಿಗೋ ತೊಂದರೆ ಆಗುವುದಾದರೆ ತೆಗೆಯುತ್ತೇನೆ. ನನ್ನ ಕೂದಲು ಚೆನ್ನಾಗಿ ಕಾಣುತ್ತಿಲ್ಲ ಅಂದರೆ ಇನ್ನೊಂದು ಶಾಟ್ ಹುಡುಕುತ್ತೇನೆ, ಸಿಕ್ಕರೆ ಹಾಕುತ್ತೇನೆ. ಚಿತ್ರ ಏನು ಹೇಳುತ್ತದೆ ಅನ್ನುವ ತೀರ್ಮಾನ ಮಾತ್ರ ನನ್ನದು, ಅದನ್ನು ಮೊದಲ ದಿನವೇ ಹೇಳಿರುತ್ತೇನೆ. ಅಧಿಕಾರದಲ್ಲಿ ಇರುವವರಿಗೆ ಈ ಅವಕಾಶ ಇಲ್ಲ. ಕಾರ್ಖಾನೆ ಮುಚ್ಚಿದ ಮಾಲೀಕರಿಗೂ ಕೆಲಸ ಕಳೆದುಕೊಂಡವರಿಗೂ ನಾನು ಒಂದೇ ನಿಯಮ ಇಡುವುದಿಲ್ಲ. ಮಾಲೀಕರಿಗೆ ಆರೋಪವನ್ನು ಸ್ಪಷ್ಟವಾಗಿ ತಿಳಿಸಿ, ಉತ್ತರ ಕೊಡಲು ಸಮಯ ಕೊಟ್ಟು, ಆ ಉತ್ತರವನ್ನು ನಿಷ್ಠೆಯಿಂದ ಹಾಕುತ್ತೇನೆ. ರಫ್ ಕಟ್ ತೋರಿಸುವುದಿಲ್ಲ.

ಬಿಡುಗಡೆಯಾದ ಮೇಲೂ ಕೆಲಸ ಇರುತ್ತದೆ. ಬ್ರಿಟನ್ನಿನಲ್ಲಿ 1964ರಲ್ಲಿ ಏಳು ವರ್ಷದ 14 ಮಕ್ಕಳ ಮೇಲೆ ಒಂದು ಟಿವಿ ಚಿತ್ರ ಬಂತು. ಅದರಲ್ಲಿ ಸಂಶೋಧಕರಾಗಿದ್ದ ಮೈಕಲ್ ಆಪ್ಟೆಡ್ ಆಮೇಲೆ ತಾವೇ ನಿರ್ದೇಶಕರಾಗಿ, ಪ್ರತಿ ಏಳು ವರ್ಷಕ್ಕೊಮ್ಮೆ ಅವರ ಹತ್ತಿರ ಹೋಗುತ್ತಲೇ ಇದ್ದರು, 2019ರವರೆಗೂ. ಕೆಲವರು ಮಧ್ಯದಲ್ಲಿ ಸಾಕು ಅಂದರು, ಅವರಲ್ಲಿ ಕೆಲವರು ಮತ್ತೆ ಬಂದರು. ಸಾಕು ಅನ್ನುವ ಹಕ್ಕು ಅವರಿಗೆ ಇತ್ತು ಅನ್ನುವುದೇ ನನಗೆ ದೊಡ್ಡ ವಿಷಯ.

ನನ್ನದೊಂದು ಚಿತ್ರದಲ್ಲಿ ರಾತ್ರಿ ಪಾಳಿಯ ನರ್ಸ್ ಒಬ್ಬರು ತಮ್ಮ ಮೊದಲ ಮದುವೆ ಮುರಿದದ್ದನ್ನು ಹೇಳಿದ್ದರು. ಮೂರು ಸಲವೂ ಒಪ್ಪಿದ್ದರು. ವರ್ಷಗಳಾದ ಮೇಲೆ ಫೋನ್ ಮಾಡಿದರು. ಮಗ ಈಗ ದೊಡ್ಡವನಾಗಿದ್ದಾನೆ, ಅವನ ಸ್ನೇಹಿತರು ಅದನ್ನು ಇಂಟರ್‌ನೆಟ್‌ನಲ್ಲಿ ನೋಡುತ್ತಾರೆ, ತೆಗೆಯಲು ಆಗುತ್ತಾ ಸರ್ ಅಂತ. ಒಪ್ಪಿಗೆ ಪತ್ರದ ಪ್ರಕಾರ ನಾನು ಆಗಲ್ಲ ಅನ್ನಬಹುದಿತ್ತು. ಮೂಲ ಪ್ರಾಜೆಕ್ಟ್ ಫೈಲ್ ಡಿಸ್ಕ್‌ನಲ್ಲಿ ಸುರಕ್ಷಿತವಾಗಿತ್ತು. ಎಡಿಟರ್ ಜೊತೆ ಕೂತು ಆ ಭಾಗ ತೆಗೆದು, ಎರಡೂ ಬದಿಯ ಧ್ವನಿ ಹೊಂದಿಸಿ, ಹೊಸ ಪ್ರತಿ ಮಾಡಿದೆವು. ನಮ್ಮ ಕೈಯಲ್ಲಿದ್ದ ಕಡೆಯೆಲ್ಲ ಹಳೆಯದನ್ನು ಬದಲಾಯಿಸಿದೆವು. ಚಿತ್ರ ಸ್ವಲ್ಪ ತೆಳುವಾಯಿತು, ಅದು ನಿಜ. ಆಗಿನಿಂದ ವಿತರಕರ ಜೊತೆ ಮಾಡಿಕೊಳ್ಳುವ ಪ್ರತಿ ಒಪ್ಪಂದದಲ್ಲೂ ಒಂದು ಸಾಲು ಸೇರಿಸುತ್ತೇನೆ: ಚಿತ್ರದಲ್ಲಿ ಇರುವವರ ಸುರಕ್ಷತೆಗೋ ಖಾಸಗಿತನಕ್ಕೋ ಅಗತ್ಯ ಬಿದ್ದರೆ ನಿರ್ದೇಶಕರು ಕೊಡುವ ಪರಿಷ್ಕೃತ ಪ್ರತಿಯನ್ನೇ ಅವರು ಬಳಸಬೇಕು. ಕೆಲವರು ಒಪ್ಪುವುದಿಲ್ಲ. ಅವರಿಗೆ ಚಿತ್ರ ಕೊಡುವುದಿಲ್ಲ.